ನಮ್ಮ ಮನೆಯ ಬಡತನದ ಲೆಕ್ಕ

ಲೆಕ್ಕಕ್ಕೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಆ ಭಯದಿಂದಲೇ ನಾನು ಕಲಾ ವಿಭಾಗಕ್ಕೆ ಸೇರಿದೆನೆಂದು ಗೆಳೆಯರು ಹಾಸ್ಯ ಮಾಡುವುದುಂಟು; ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಈ ವರ್ಷ ಅರ್ಥಶಾಸ್ತ್ರದ ಅಧ್ಯಾಪಕರು ದೇಶದಲ್ಲಿ ಬಡವರನ್ನು ಎಣಿಸುವ ಕೋಷ್ಟಕವೊಂದನ್ನು ಕರಿಹಲಗೆಯ ಮೇಲೆ ಬರೆದಾಗ, ಎಂದೂ ಇಲ್ಲದ ಆಸಕ್ತಿಯಿಂದ ಅದನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡೆ.

ಹಿಂದೆ ಬಡತನವನ್ನು ಖರ್ಚಿನಿಂದ ಅಳೆಯುತ್ತಿದ್ದರು. ತೆಂಡೂಲ್ಕರ್ ಸಮಿತಿಯ ಕ್ರಮದಂತೆ 2011-12ರಲ್ಲಿ ಹಳ್ಳಿಯವನೊಬ್ಬನಿಗೆ ತಿಂಗಳಿಗೆ 816 ರೂಪಾಯಿ, ಪಟ್ಟಣದವನಿಗೆ 1,000 ರೂಪಾಯಿ, ಇದು ಗೆರೆ. ನೀತಿ ಆಯೋಗದ ಈ ಕೋಷ್ಟಕವಾದರೋ ಹಣದ ಮಾತನ್ನೇ ಎತ್ತುವುದಿಲ್ಲ; ನೇರವಾಗಿ ಮನೆಯೊಳಕ್ಕೆ ಬಂದು ನೋಡುತ್ತದೆ. ಆರೋಗ್ಯ, ಶಿಕ್ಷಣ, ಜೀವನಮಟ್ಟ ಮೂರಕ್ಕೂ ಸಮಪಾಲು. ಒಟ್ಟು 12 ಅಂಶಗಳು. ಕೊರತೆಗಳ ತೂಕವೆಲ್ಲ ಕೂಡಿ ನೂರಕ್ಕೆ 33.33 ಮುಟ್ಟಿದರೆ ಆ ಮನೆಯವರೆಲ್ಲ ಬಡವರು.

ಶನಿವಾರ ಊರಿಗೆ ಹೋದವನು ನಮ್ಮ ಮನೆಯನ್ನೇ ಕೋಷ್ಟಕಕ್ಕೆ ಒಡ್ಡಿದೆ. ವಿದ್ಯುತ್ ದೀಪವಿದೆ, ಬೀದಿಗೆ ನಲ್ಲಿ ಬಂದಿದೆ, ಅವ್ವನ ಹೆಸರಿನಲ್ಲಿ ಬ್ಯಾಂಕಿನ ಖಾತೆಯಿದೆ, ಟಿ.ವಿ.ಯೂ ಫೋನೂ ಇವೆ. ಗ್ಯಾಸಿನ ಸಿಲಿಂಡರೂ ಉಂಟು, ಆದರೆ ಅದು ಬೀಗರು ಬಂದಾಗ ಚಹಾ ಕಾಸುವುದಕ್ಕೆ. ರೊಟ್ಟಿ ಬೇಯುವುದು ಕಟ್ಟಿಗೆಯ ಒಲೆಯ ಮೇಲೆಯೇ. ಆದ್ದರಿಂದ ಉರುವಲು ಕೊರತೆ, 4.76. ನೆಲ ಮಣ್ಣಿನದು, ಇನ್ನೊಂದು 4.76. ಶೌಚಾಲಯ ಕಾಕಾನ ಮನೆಯವರೊಡನೆ ಹಂಚಿಕೊಂಡದ್ದು. ಹಂಚಿಕೊಂಡದ್ದನ್ನು ಕೋಷ್ಟಕ ಒಪ್ಪುವುದಿಲ್ಲ, ಮತ್ತೊಂದು 4.76.

ಉಳಿದದ್ದು ಪೌಷ್ಟಿಕತೆ. ಅಂಗನವಾಡಿಯ ತೂಕದ ಯಂತ್ರದ ಮೇಲೆ ನಿಲ್ಲೆಂದು ಅಕ್ಕನನ್ನು ಕರೆದೆ.

"ನನ್ನ ತೂಕ ಯಾಕ ಬೇಕೋ ತಮ್ಮಾ? ಹತ್ತಿ ತೂಗಿದ್ರ ಕೂಲಿಯರ ಸಿಗತೈತಿ" ಎಂದು ನಕ್ಕಳು. ನಿಂತಳು. ನಲವತ್ತು ಕಿಲೋ. ಎತ್ತರ 152 ಸೆಂಟಿಮೀಟರ್. ಭಾಗಿಸಿದರೆ 17.3, 18.5ಕ್ಕಿಂತ ಕಡಿಮೆಯಾದರೆ ಕೊರತೆ. ಮನೆಯಲ್ಲಿ ಒಬ್ಬರು ಹಾಗಿದ್ದರೂ ಸಾಕು, 16.67.

ಎಲ್ಲವನ್ನೂ ಎರಡು ಸಲ ಕೂಡಿದೆ. 30.95. ನಾವು ಬಡವರಲ್ಲ!

ಎರಡು ಅಂಶ ಚಿಲ್ಲರೆಯಿಂದ ನಾವು ಪಾರಾದದ್ದು ಹೇಗೆಂದು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಓದಿನ ಸಾಲು. ಹತ್ತು ವರ್ಷ ದಾಟಿದವರಲ್ಲಿ ಒಬ್ಬರಾದರೂ ಆರು ವರ್ಷದ ಶಾಲೆ ಮುಗಿಸಿದ್ದರೆ ಇಡೀ ಮನೆಗೆ ಆ ಕೊರತೆಯಿಲ್ಲ. ಆ ಒಬ್ಬ ನಾನು. ನಾನು ಓದದಿದ್ದರೆ ಇನ್ನೊಂದು 16.67 ಸೇರಿ 47.62 ಆಗುತ್ತಿತ್ತು. ನಮ್ಮೂರಿನ ಶಾಲೆ ಐದನೆಯ ತರಗತಿಗೆ ನಿಲ್ಲುತ್ತದೆ. ಮುಂದಕ್ಕೆ ಪಕ್ಕದೂರಿಗೆ ಇಬ್ಬರನ್ನೂ ಕಳಿಸುವುದು ಆಗದೆಂದು ಅಪ್ಪ ಹೇಳಿದಾಗ ಅಕ್ಕ ಹತ್ತಿ ಬಿಡಿಸಲು ಹೋದಳು. ತರಗತಿಯಲ್ಲಿ ನನಗಿಂತ ಜಾಣೆಯೆಂದು ಗುರುಗಳು ಹೇಳುತ್ತಿದ್ದದ್ದು ಅವಳನ್ನು.

ಆಯೋಗದ 2023ರ ವರದಿಯ ಪ್ರಕಾರ, 2015-16ರಲ್ಲಿ ನೂರಕ್ಕೆ 24.85 ಇದ್ದ ದೇಶದ ಬಡವರು 2019-21ಕ್ಕೆ 14.96 ಆದರು, ಕರ್ನಾಟಕದಲ್ಲಿ 12.77 ಇದ್ದದ್ದು 7.58ಕ್ಕೆ ಇಳಿಯಿತು. ಇದನ್ನು ಸುಳ್ಳೆನ್ನುವ ಉದ್ಧಟತನ ನನಗಿಲ್ಲ. ಕೊಡ ಹೊತ್ತು ಕೆರೆಗೆ ಹೋಗುತ್ತಿದ್ದ ಅವ್ವ ಈಗ ನಲ್ಲಿಯ ಮುಂದೆ ನಿಂತು ಜಗಳವಾಡುವುದನ್ನು ನಾನೇ ಕಂಡಿದ್ದೇನೆ; ಅದೂ ಒಂದು ಪ್ರಗತಿಯೇ ಸರಿ. ಆದರೆ ಈ ಲೆಕ್ಕಕ್ಕೆ ಆಧಾರವಾದ ಕುಟುಂಬ ಆರೋಗ್ಯ ಸಮೀಕ್ಷೆ ದೇಶದಲ್ಲಿ ಹೊಕ್ಕದ್ದು ಸುಮಾರು 6 ಲಕ್ಷ 36 ಸಾವಿರ ಮನೆಗಳನ್ನು. ನಮ್ಮ ಮನೆಗೆ ಯಾರೂ ಬರಲಿಲ್ಲ. ಆ ಅಂಕಿ ಜಿಲ್ಲೆಯವರೆಗೆ ಇಳಿಯುತ್ತದೆ, ಊರಿನವರೆಗೆ ಇಳಿಯುವುದಿಲ್ಲ. ತಾಲ್ಲೂಕುಗಳನ್ನು ಒಂದೊಂದಾಗಿ ತೂಗಿದವರು ನಂಜುಂಡಪ್ಪನವರು. 2002ರ ಅವರ ವರದಿಯಲ್ಲಿ 114 ಹಿಂದುಳಿದ ತಾಲ್ಲೂಕುಗಳು, ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ನಮ್ಮದು ಆ 39ರ ಸಾಲಿನದು.

ರಾತ್ರಿ ಅಕ್ಕ ರೊಟ್ಟಿ ಬಡಿಯುತ್ತ ಕೇಳಿದಳು: "ಏನಂತ ಬಂತೋ ನಿನ್ನ ಲೆಕ್ಕ?"

"ನಾವು ಬಡವರಲ್ಲಂತ."

"ಹೌದೇನ!" ಎಂದು ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಪುಸ್ತಕದ ಮೇಲೆ ಬಾಗಿದಳು. "ಇದರಾಗ ನಾ ಎಲ್ಲದೀನಿ?"

ಪೌಷ್ಟಿಕತೆಯ ಸಾಲನ್ನು ತೋರಿಸಿದೆ. ಅದರ ಕೆಳಗಿನ ಓದಿನ ಸಾಲನ್ನೂ ಅವಳು ಮೆಲ್ಲಗೆ, ಅಕ್ಷರ ಕೂಡಿಸಿ ಓದಿಕೊಂಡಳು. ಏನೂ ಅನ್ನಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯುತ್ತದೆಂದು ಒಲೆಯ ಕಡೆಗೆ ತಿರುಗಿದಳು.