ಗುಂಡು ಯಾವುದು, ಹೆಸರು ಯಾರದು

ನಮ್ಮ ಓರಗಿತ್ತಿ ಮನೆಗೆ ಒಂದು ರಿವಾಲ್ವರ್ ತರೋ ಮಾತು ಎರಡು ತಿಂಗಳಿಂದ ನಡೀತಾ ಐತೆ. ಬೇಲೂರಿನಾಚೆ ಕಾಫಿ ತೋಟದಲ್ಲಿ ಒಂಟಿ ಮನೆ. ಮೈದುನ ವಾರಕ್ಕೆ ನಾಲ್ಕು ದಿನ ವ್ಯಾಪಾರ ಅಂತ ಹೊರಗೇ ಇರ್ತಾರೆ, ರಾತ್ರಿ ಅವಳೊಬ್ಬಳೇ. ಹೋದ ವರ್ಷ ಕಣದಲ್ಲಿದ್ದ ಮೆಣಸಿನ ಮೂಟೆ ರಾತ್ರೋರಾತ್ರಿ ಹೋದ್ವು. ನಾಯಿ ಅಷ್ಟು ಬೊಗಳಿದ್ರೂ ಇವಳು ಬಾಗಿಲು ತೆಗೀಲಿಲ್ಲ. ಒಳ್ಳೇ ಕೆಲಸ ಮಾಡ್ದೆ ಅಂದೆ ನಾನು. ಅಲ್ಲಿಂದ ಶುರುವಾಯ್ತು, ಮನೇಲೊಂದು ಆಯುಧ ಇರಲಿ ಅಂತ. ನಮ್ಮ ಕಡೆ ತೋಟದ ಮನೆ ಹೆಂಗಸರು ಇನ್ನೂ ಇಬ್ಬರು ಇದನ್ನೇ ಕೇಳಿದ್ರು, ಅದಕ್ಕೇ ಬರೀತಾ ಇದೀನಿ.

ಅವಳ ಮಗ ವಿಡಿಯೋ ನೋಡಿ ನೋಡಿ ಒಂದನ್ನ ಆರಿಸಿಟ್ಟಿದ್ದ. "ದೊಡ್ಡಮ್ಮ, ಅದು ರಿವಾಲ್ವರೇ, ಆದ್ರೆ ಹಾಕೋದು ಪಿಸ್ತೂಲಿನ ಗುಂಡು. ಪಾಯಿಂಟ್ ನಲವತ್ತೈದು. ಒಂದೇ ಏಟಿಗೆ ಮುಗೀತು" ಅಂದ. ಏನು ಮುಗೀತು ಅಂತ ಕೇಳಿದ್ದಕ್ಕೆ ನಕ್ಕ. ಆನೆಗೂ ಆಗುತ್ತೆ ಅಂತ ಬೇರೆ ಸೇರಿಸಿದ. ಬೇಲೂರು, ಆಲೂರು, ಸಕಲೇಶಪುರದ ಕಡೆ ಆನೆ ಕಾಟ ಇರೋದು ನಿಜ. ಆದ್ರೆ ಕೈಯಲ್ಲಿ ಹಿಡಿಯೋ ಆಯುಧದಿಂದ ಆನೆಗೆ ಸಿಟ್ಟು ಬರಬಹುದು ಅಷ್ಟೆ. ಸಾಲದ್ದಕ್ಕೆ 1972ರ ವನ್ಯಜೀವಿ ಕಾಯ್ದೆ ಇದೆ, ಜೈಲಿಗೇ ದಾರಿ.

ರಿವಾಲ್ವರಿಗೆ ಪಿಸ್ತೂಲಿನ ಗುಂಡು ಯಾಕಪ್ಪಾ ಅಂತ ನನಗೂ ಅನ್ನಿಸ್ತು. ರಿವಾಲ್ವರಿನ ತೋಟೆಗೆ ಬುಡದಲ್ಲಿ ಒಂದು ಅಂಚು ಇರುತ್ತೆ, ತಂಬಿಗೆ ಕಂಠದ ಥರ. ಆರು ಕುಳಿಯ ಉರುಳೇಲಿ ಅದು ಒಳಗೆ ಜಾರದಂಗೆ ಆ ಅಂಚೇ ತಡೀತದೆ. ಸುಟ್ಟ ಮೇಲೆ ಖಾಲಿ ತೋಟೆ ಹೊರಕ್ಕೆ ತಳ್ಳೋಕೂ ಅಂಚೇ ಆಧಾರ. ಪಿಸ್ತೂಲಿನ ತೋಟೆ ಹಂಗಲ್ಲ. ಹಿಡಿಯೊಳಗೆ ಒಂದರ ಮೇಲೊಂದು ಪೇರಿಸಬೇಕಲ್ಲ, ಅಂಚಿದ್ರೆ ಒಂದಕ್ಕೊಂದು ಸಿಕ್ಕಾಕೊಳ್ತವೆ. ಅದಕ್ಕೇ ಅಂಚು ಹೊರಕ್ಕೆ ಚಾಚಿರಲ್ಲ.

ಮೊದಲನೇ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಅವರ ಸೈನ್ಯಕ್ಕೆ ಪಾಯಿಂಟ್ ನಲವತ್ತೈದರ ಪಿಸ್ತೂಲು ಸಾಕಷ್ಟಿರಲಿಲ್ಲ, ಗುಂಡು ಮಾತ್ರ ಅದೇ ಒಂದು ಥರದ್ದು ಸಾಕು ಅಂತ ಅವರಿಗೆ. ಕೋಲ್ಟ್, ಸ್ಮಿತ್ ಅಂಡ್ ವೆಸನ್ ಎರಡೂ ಕಂಪನಿಯವರು ತಮ್ಮ ದೊಡ್ಡ ರಿವಾಲ್ವರನ್ನೇ ಆ ಗುಂಡಿಗೆ ಹೊಂದಿಸಿಕೊಟ್ರು. ಅದಕ್ಕೆ 1917ರ ಮಾದರಿ ಅಂತಾನೇ ಹೆಸರು. ಅಂಚಿಲ್ಲದ ತೋಟೆ ಹಿಡಿಯೋಕೆ ಅರ್ಧಚಂದ್ರದ ಆಕಾರದ ತಗಡು ಮಾಡಿದ್ರು. ಒಂದು ತಗಡಿಗೆ ಮೂರು ತೋಟೆ ಸಿಕ್ಕಿಸಿ, ಎರಡು ತಗಡು ಇಟ್ರೆ ಆರೂ ತುಂಬಿದಂಗೆ. ಬಾಳೆಕಾಯಿ ಚಿಪ್ಪು ಚಿಪ್ಪಾಗಿ ಎತ್ತಿಡೋ ಹಂಗೆ. ಹೊರಗೆ ತೆಗೆಯೋದೂ ತಗಡಿನ ಸಮೇತವೇ. ಒಂದು ಗುಂಡು ಹಾರದೇ ಹೋದ್ರೂ ಇನ್ನೊಂದ್ಸಲ ಟ್ರಿಗರ್ ಎಳೆದ್ರೆ ಮುಂದಿನ ಕುಳಿ ಬರುತ್ತೆ, ಪಿಸ್ತೂಲಿನ ಥರ ಮೇಲಿನ ಭಾಗ ಹಿಂದಕ್ಕೆ ಎಳೆದು ಒದ್ದಾಡಬೇಕಿಲ್ಲ. ಹುಡುಗ ಆಸೆಪಟ್ಟಿದ್ದು ಸುಮ್ಮಸುಮ್ಮನೆ ಅಲ್ಲ ಬಿಡಿ.

ತೂಕ ಮಾತ್ರ ಒಂದು ಕೆಜಿ ಮೇಲೆ. ಹೆಂಗಸರ ಕೈಗೆ ಹಗುರದ್ದೇ ಬೇಕು ಅಂತ ಗಂಡಸರು ಹೇಳ್ತಾರಲ್ಲ, ಅದು ಅರ್ಧ ಮಾತು. ಭಾರದ ಆಯುಧ ಒದೆತ ತಾನೇ ನುಂಗ್ಕೊಳ್ತದೆ, ಅದೇ ಗುಂಡು ಹಗುರದ್ದರಲ್ಲಿ ಹಾರಿಸಿದ್ರೆ ಮಣಿಕಟ್ಟಿಗೆ ಹೊಡೀತದೆ. ಆದ್ರೆ ನಿದ್ದೆಗಣ್ಣಲ್ಲಿ ಒಂದು ಕೆಜಿ ನೇರವಾಗಿ ಚಾಚಿ ಹಿಡಿಯೋದೂ ಸುಲಭ ಅಲ್ಲ. ಒಂದು ಕೆಜಿ ಸಕ್ಕರೆ ಪೊಟ್ಟಣ ಕೈ ಚಾಚಿ ಹಿಡಿದು ಇಪ್ಪತ್ತು ಎಣಿಸಿ ನೋಡ್ರವ್ವ. ನಾನು ನೋಡಿದೆ.

ಇಷ್ಟೆಲ್ಲ ಆದ್ಮೇಲೂ ನಮ್ಮ ದೇಶದಲ್ಲಿ ಅದು ನಮಗೆ ಸಿಗೋದಲ್ಲ. ನಮ್ಮ ಶಸ್ತ್ರಾಸ್ತ್ರ ಕಾಯ್ದೆ 1959ರದ್ದು. ಅದರ ನಿಯಮ ಆಯುಧದ ಗಾತ್ರ ನೋಡಲ್ಲ, ಅದರೊಳಗೆ ಯಾವ ಗುಂಡು ಹೋಗುತ್ತೆ ಅಂತ ನೋಡ್ತದೆ. ಪೊಲೀಸ್, ಮಿಲಿಟರಿಯವರ ಒಂಬತ್ತು ಎಂಎಂ, ಪಾಯಿಂಟ್ ನಲವತ್ತೈದು, ಹಳೇ ಪಾಯಿಂಟ್ ಮೂವತ್ತೆಂಟು ಇಂಥವು ನಿಷೇಧಿತ ಬೋರು. ಪಿಸ್ತೂಲಾದ್ರೂ ಅಷ್ಟೆ, ರಿವಾಲ್ವರಾದ್ರೂ ಅಷ್ಟೆ. ಅದಕ್ಕೆ ಲೈಸೆನ್ಸು ಡೆಲ್ಲಿಯ ಗೃಹ ಇಲಾಖೆಯಿಂದ ಬರಬೇಕು, ಮೆಣಸು ಕಳುವಾಯ್ತು ಅಂತ ನಮ್ಮಂಥೋರಿಗೆ ಕೊಡಲ್ಲ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿಯವರಿಗೆ ಕೋವಿಗೆ ವಿನಾಯಿತಿ ಉಂಟು. ನಾವು ಹಾಸನದ ಡಿಸಿ ಆಫೀಸಿಗೇ ಅರ್ಜಿ ಹಾಕಬೇಕು. ಹಳೇಬೀಡಿನ ಕಲ್ಲಲ್ಲಿ ಹುಲಿಗೆ ಕತ್ತಿ ಹಾಕ್ತಾ ನಿಂತವನಲ್ಲ ಸಳ, ಅವನ ಅದೃಷ್ಟ, ಯಾರೂ ಲೈಸೆನ್ಸ್ ಕೇಳಲಿಲ್ಲ.

ಉಳಿಯೋದು ಪಾಯಿಂಟ್ ಮೂವತ್ತೆರಡು. ಕಾನ್ಪುರದ ಸರ್ಕಾರಿ ಕಾರ್ಖಾನೆ ರಿವಾಲ್ವರ್ ಏಳುನೂರು ಗ್ರಾಂ ಆಸುಪಾಸು. 2014ರಲ್ಲಿ ಹೆಂಗಸರಿಗೆ ಅಂತಲೇ ನಿರ್ಭೀಕ್ ಬಿಟ್ರು, ಅರ್ಧ ಕೆಜಿ, ಆಗಲೇ ಒಂದು ಲಕ್ಷದ ಮೇಲೆ ಬೆಲೆ. ದೆಹಲಿಯ ಆ ಹುಡುಗಿ ನೆನಪಿಗೆ ಇಟ್ಟ ಹೆಸರು. ಲಕ್ಷ ರೂಪಾಯಿ ಕೊಡೋ ಹೆಂಗಸರು ಎಷ್ಟು ಜನ ಅಂತ ಕಾರ್ಖಾನೆಯವರು ಯೋಚಿಸಿದ್ರೋ ಇಲ್ವೋ. ಅಶನಿ ಅಂತ ಪಿಸ್ತೂಲೂ ಇದೆ. ಅದೂ ಮೂವತ್ತೆರಡೇ, ಆದ್ರೆ ಆ ಗುಂಡು ಬೇರೆ, ರಿವಾಲ್ವರಿನದ್ದು ಬೇರೆ. ನಂಬರ್ ಒಂದೇ ಅಂತ ಒಂದರದ್ದು ಇನ್ನೊಂದಕ್ಕೆ ಹಾಕಬಾರದು. ಅಂಗಡೀಲಿ ಪೆಟ್ಟಿಗೆ ಮೇಲಿನ ಹೆಸರು ಪೂರ್ತಿ ಓದಬೇಕು.

ನನ್ನ ಕೇಳಿದ್ರೆ ತೋಟದ ಮನೆಗೆ ಜೋಡು ನಳಿಗೆ ಕೋವಿಯೇ ಸರಿ. ನಮ್ಮ ಮಾವನೋರ ಹತ್ರ ಒಂಟಿ ನಳಿಗೇದಿತ್ತು. ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ರಸೀತಿ ತರೋರು, ಆ ಒಂದೂವರೆ ತಿಂಗಳು ಹಂದಿಗಳಿಗೆ ಹಬ್ಬ. ಉದ್ದದ ಕೋವಿ ಎಲ್ಲಿಟ್ರೂ ಕಾಣ್ತದೆ. ರಿವಾಲ್ವರ್ ಸೀರೆ ಮಡಿಕೆ ಒಳಗೆ ಹೋಗ್ತದೆ, ಮೊಮ್ಮಕ್ಕಳ ಕೈಗೂ ಹೋಗ್ತದೆ. ಅದೇ ನನ್ನ ಭಯ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ, ಆ ಮನೇಲಿ ಯಾರೂ ಅದರ ಮಾತೇ ಎತ್ತಿರಲಿಲ್ಲ. ಅರ್ಜಿ ಮೈದುನನ ಹೆಸರಲ್ಲಿ ಬರೆದಿದ್ರು. ಲೈಸೆನ್ಸ್ ಯಾರ ಹೆಸರಲ್ಲೋ ಆಯುಧ ಅವರದ್ದು ಮಾತ್ರ. ಅವರು ಹೊರಗೂರಲ್ಲಿದ್ದಾಗ ಬೀರುವಲ್ಲಿರೋದನ್ನ ಹೆಂಡತಿ ತೆಗೆದು ಹಿಡಿದ್ರೆ ಅವಳಿಗೆ ಲೈಸೆನ್ಸ್ ಇಲ್ಲ, ಅವಳ ಮೇಲೇ ಕೇಸು. ಒಬ್ಬಳೇ ಇರೋಳು ಅವಳು, ಕಾಗದ ಅವರದ್ದು! ಫೋನಲ್ಲಿ ಇದನ್ನ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ, "ಅಕ್ಕ, ನನ್ನ ಹೆಸರಲ್ಲಿ ಹಾಕಿದ್ರೆ ಊರೋರು ಏನಂತಾರೆ" ಅಂದ್ಲು. ಏನಾದ್ರೂ ಅನ್ನಲಿ, ರಾತ್ರಿ ಹನ್ನೊಂದಕ್ಕೆ ಊರೋರು ಬಂದು ನಿನ್ನ ಜೊತೆ ಕೂರಲ್ಲ ಅಂದೆ.

2016ರ ನಿಯಮದಲ್ಲಿ ಅರ್ಜಿ ಹಾಕೋರು ತರಬೇತಿನೂ ಪಡೀಬೇಕು, ಭದ್ರವಾಗಿ ಇಡೋ ಜಾಗನೂ ತೋರಿಸಬೇಕು. ಮೈದುನನಿಗೆ ಅವಳ ಹೆಸರು ಅಂದಿದ್ದು ಸ್ವಲ್ಪ ಮುನಿಸು ತಂದಿದೆ. ನಾನು ಹಿಂದೆ ಸರಿದಿಲ್ಲ. ಹೋದ ಸೋಮವಾರ ಹೊಸ ಫಾರಂ ತಂದವಳೆ, ಫೋಟೋ ತೆಗೆಸೋಕೆ ಹಳೇಬೀಡಿಗೆ ಬರ್ತೀನಿ, ನೀನೂ ಬಾ ಅಕ್ಕ ಅಂದವಳೆ.