ಚಾಳೀಸು

ನಮ್ಮ ಕಡೆ ಮುದಿತನದ ಮೊದಲ ಹೆಸರು ಚಾಳೀಸು. ನರೆಗೂದಲಿಗೆ ಬಣ್ಣ ಹಚ್ಚಬಹುದು, ಮೊಣಕಾಲ ನೋವಿನ ದೂರನ್ನು ಮೆಟ್ಟಿಲುಗಳ ಮೇಲೆ ಹಾಕಬಹುದು; ಆದರೆ ಲಗ್ನಪತ್ರಿಕೆಯನ್ನು ತೋಳುದ್ದ ದೂರ ಹಿಡಿದು, ಕತ್ತನ್ನು ಹಿಂದಕ್ಕೆಳೆದುಕೊಂಡು ಓದುವವನ ವಯಸ್ಸನ್ನು ಯಾವ ಉಪಾಯವೂ ಮುಚ್ಚಲಾರದು. ಹಿಂದೂಸ್ತಾನಿಯಲ್ಲಿ ಚಾಳೀಸ್ ಎಂದರೆ ನಲವತ್ತು. ರೋಗಕ್ಕೆ ವಯಸ್ಸಿನ ಹೆಸರನ್ನೇ ಇಟ್ಟ ಜನ, ಅದು ಬಂದೇ ಬರುವುದೆಂದು ಮೊದಲೇ ಒಪ್ಪಿಕೊಂಡಿದ್ದರೆಂದು ತೋರುತ್ತದೆ.

ಇಪ್ಪತ್ತರ ಹುಡುಗನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ನಮ್ಮ ಅಧ್ಯಾಪಕರು ಕೇಳಬಹುದು. ಎರಡು ವರ್ಷಗಳಿಂದ ನಾನು ಸಂಜೆಯ ಹೊತ್ತು ಪೇಟೆಬೀದಿಯ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ನನ್ನ ತಂದೆ ದರ್ಜಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹತ್ತಿಸಿದ್ದು ಅವರ ಸೂಜಿ. ಆ ಸೂಜಿಗೆ ದಾರ ಪೋಣಿಸುವುದು ಅವರಿಗೆ ಕಷ್ಟವಾಗತೊಡಗಿ, ಕಪ್ಪು ಬಟ್ಟೆಯ ಕಾಜಾ ಕೆಲಸವನ್ನು ಬೇರೆಯವರಿಗೆ ಕಳುಹಿಸುವಂತಾದಾಗಲೇ ನಾನು ಸಂಜೆಯ ಕೆಲಸ ಹಿಡಿದದ್ದು. ಕನ್ನಡಕ ಮಾಡಿಸಿಕೊಡುತ್ತೇನೆಂದರೆ, "ದರ್ಜಿ ಕನ್ನಡಕ ಹಾಕಿದರೆ ಗಿರಾಕಿ ಬೇರೆ ಅಂಗಡಿ ನೋಡ್ತಾನೆ ಕಣೋ" ಎನ್ನುತ್ತಿದ್ದರು.

ಅಂಗಡಿಗೆ ಒಂದು ದಿನ ಸುಬೇದಾರರು ಬಂದರು. ಊರು ಕೊಡಗು, ಸೈನ್ಯದಿಂದ ನಿವೃತ್ತರಾಗಿ ನಮ್ಮ ಪಟ್ಟಣದಲ್ಲಿ ಮಗಳ ಮನೆಯ ಹತ್ತಿರ ನೆಲಸಿದ್ದಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ನಾಡಿನವರು. ಈಗ ಏರ್ ಪಿಸ್ತೂಲಿನ ಸ್ಪರ್ಧೆಗಳಲ್ಲಿ ಹಿರಿಯರ ವಿಭಾಗದಲ್ಲಿ ಭಾಗವಹಿಸುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಎರಡೂವರೆ ನಂಬರಿನ ಕನ್ನಡಕವನ್ನು ಮೇಜಿನ ಮೇಲೆ ಇಟ್ಟು, "ಇದರಲ್ಲಿ ಪೇಪರ್ ಕಾಣ್ತದಪ್ಪ, ಫೋರ್‌ಸೈಟ್ ಕಾಣೋದಿಲ್ಲ" ಎಂದರು.

ಎನ್.ಸಿ.ಸಿ. ಶಿಬಿರದಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದಿದ್ದ ನನಗೆ ಮಾತು ಅರ್ಥವಾಯಿತು. ನಮ್ಮ ಯಜಮಾನರಿಗೆ ಆಗಲಿಲ್ಲ. ಪಿಸ್ತೂಲು ಹೊಡೆಯುವವನು ಮೂರು ವಸ್ತುಗಳನ್ನು ಒಂದು ಗೆರೆಗೆ ತರಬೇಕು: ಹಿಂದಿನ ಬ್ಯಾಕ್‌ಸೈಟಿನ ಕಚ್ಚು, ನಳಿಗೆಯ ತುದಿಯ ಫೋರ್‌ಸೈಟ್, 10 ಮೀಟರ್ ಆಚೆಯ ಕಪ್ಪು ವೃತ್ತ. ಕಣ್ಣಾದರೋ ಒಂದು ಸಲಕ್ಕೆ ಒಂದು ದೂರವನ್ನು ಮಾತ್ರ ಸ್ಪಷ್ಟವಾಗಿ ನೋಡಬಲ್ಲದು. ಎಳೆಯ ಕಣ್ಣಿನ ಮಸೂರ ಮೆತ್ತಗಿದ್ದು, ಕ್ಷಣಕ್ಷಣಕ್ಕೂ ಉಬ್ಬಿ ತಗ್ಗಿ, ಹತ್ತಿರ ದೂರಗಳ ನಡುವೆ ಓಡಾಡುತ್ತದೆ. ವಯಸ್ಸಾದಂತೆ ಅದು ಗಡುಸಾಗುತ್ತದೆ. ನನ್ನ ವಯಸ್ಸಿನವನು ಮೂಗಿನಿಂದ 10 ಸೆಂಟಿಮೀಟರ್ ದೂರದ ಅಕ್ಷರವನ್ನು ಓದಬಹುದು. ಐವತ್ತರವನಿಗೆ ಅದು ಅರ್ಧ ಮೀಟರಿನಷ್ಟು ದೂರ ಹೋಗಿರಬೇಕು.

ಹಾಗಾದರೆ ಗುರಿಯನ್ನೇ ನೋಡಿ ಹೊಡೆದರಾಯಿತಲ್ಲ ಎಂದು ಯಾರಾದರೂ ಹೇಳಿಯಾರು. ಇಲ್ಲಿಯೇ ಲೆಕ್ಕದ ಸ್ವಾರಸ್ಯ ಇರುವುದು. ಕೈ ನಡುಗಿ ಇಡೀ ಪಿಸ್ತೂಲು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಒಂದೇ ಮಿಲಿಮೀಟರ್ ಸರಿಯುತ್ತದೆ. ಆದರೆ ಎರಡು ಸೈಟುಗಳ ನಡುವಣ ಅಂತರ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕಚ್ಚಿನ ನಡುವೆ ಫೋರ್‌ಸೈಟ್ ಒಂದು ಮಿಲಿಮೀಟರ್ ಓರೆಯಾದರೆ 10 ಮೀಟರ್ ದೂರದಲ್ಲಿ ಗುಂಡು 33 ಮಿಲಿಮೀಟರ್ ತಪ್ಪುತ್ತದೆ. ಹತ್ತು ಅಂಕದ ವೃತ್ತದ ಅಡ್ಡಗಲ ಬರೀ 11.5 ಮಿಲಿಮೀಟರ್. ಹತ್ತು ಆಗಬೇಕಾದದ್ದು ಆರಾಗಿ ಕುಳಿತುಕೊಳ್ಳುತ್ತದೆ. ಆದುದರಿಂದ ಗುರಿ ಮಸುಕಾದರೆ ಬಾಧಕವಿಲ್ಲ, ಫೋರ್‌ಸೈಟಿನ ಅಂಚು ಮಾತ್ರ ಚೂಪಾಗಿ ಕಾಣಬೇಕು. ಚಾಳೀಸು ಕಿತ್ತುಕೊಳ್ಳುವುದು ಆ ಅಂಚನ್ನೇ.

ಓದುವ ಕನ್ನಡಕದ ದೂರ ಸುಮಾರು 40 ಸೆಂಟಿಮೀಟರ್, ಫೋರ್‌ಸೈಟ್ ಅದರಾಚೆ. ಬೈಫೋಕಲ್ ಹಾಕಿದರೆ ಹತ್ತಿರದ ಗಾಜು ಕೆಳಗಡೆ ಇರುವುದರಿಂದ ತಲೆಯನ್ನು ಕೋಳಿಯಂತೆ ಎತ್ತಬೇಕು. ತಲೆ ಎತ್ತಿದರೆ ನಿಲುವು ಕೆಡುತ್ತದೆ. ಕೊನೆಗೆ ಸುಬೇದಾರರು ಅಂಗಡಿಯ ನಡುವೆ ಪಕ್ಕಕ್ಕೆ ತಿರುಗಿ ನಿಂತು, ಬಲಗೈಯಲ್ಲಿ ಸ್ಟೀಲ್ ಸ್ಕೇಲನ್ನು ಪಿಸ್ತೂಲಿನಂತೆ ನೀಡಿದರು. ನಾನು ಕಣ್ಣಿನಿಂದ ಸ್ಕೇಲಿನ ತುದಿಗೆ ಟೇಪು ಹಿಡಿದೆ: 84 ಸೆಂಟಿಮೀಟರ್. ಕನ್ನಡಕಕ್ಕೆ ಬಂದಿದ್ದ ಹೆಂಗಸೊಬ್ಬರು ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಸರಿದರು. ಪರೀಕ್ಷೆಯ ಚೌಕಟ್ಟಿನಲ್ಲಿ ಒಂದಾದ ಮೇಲೊಂದು ಗಾಜು ಹಾಕುತ್ತಾ ಹೋದೆವು. ದೂರದ ನಂಬರಿಗೆ ಮುಕ್ಕಾಲು ಸೇರಿಸಿದಾಗ ಅವರ ಮುಖ ಬದಲಾಯಿತು. "ನಿಲ್ಲಪ್ಪ, ಇದೇ" ಎಂದರು. ಗೋಡೆಯ ಅಕ್ಷರಗಳು ತುಸು ಮಸುಕು, ಸ್ಕೇಲಿನ ತುದಿ ಚೂಪು. ಮುಂದೆ ಅವರು ಅದಕ್ಕೊಂದು ಐರಿಸ್ ತರಿಸಿಕೊಂಡರು. ಸಣ್ಣ ರಂಧ್ರದ ಮೂಲಕ ನೋಡಿದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ವಲ್ಪ ತಿಳಿಯಾಗುತ್ತವೆ. ಬೆಳಕು ಕಡಮೆಯಾಗುತ್ತದೆ ಎಂಬುದು ಅದರ ತೆರಿಗೆ.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ 51ನೆಯ ವಯಸ್ಸಿನಲ್ಲಿ, ಸಾಧಾರಣ ಕನ್ನಡಕ ಹಾಕಿಕೊಂಡು, ಜೇಬಿನಲ್ಲಿ ಕೈಯಿಟ್ಟು, ಮಿಶ್ರ ತಂಡದ ಬೆಳ್ಳಿ ಗೆದ್ದ ಚಿತ್ರವನ್ನು ನಮ್ಮ ಹಾಸ್ಟೆಲಿನಲ್ಲಿ ನೋಡದವರಿಲ್ಲ. ಉಳಿದವರ ಯಂತ್ರಗಳನ್ನು ಅವನು ಬರಿಗಣ್ಣಿನಿಂದ ಸೋಲಿಸಿದನೆಂದು ಗೆಳೆಯರು ಕುಣಿದರು. ಸುಬೇದಾರರು ನಕ್ಕರು. ಆ ಸಾಲಿನಲ್ಲಿ ನಿಂತ ಎಲ್ಲರ ಪಿಸ್ತೂಲಿನಲ್ಲಿಯೂ ಇದ್ದದ್ದು ಅದೇ ತೆರೆದ ಸೈಟು. ಉಳಿದವರ ಕಣ್ಣ ಮುಂದಿದ್ದುದು ಐರಿಸ್ ಮತ್ತು ಎಡಗಣ್ಣನ್ನು ಮರೆಮಾಡುವ ಪಟ್ಟಿ, ದುರ್ಬೀನಲ್ಲ. ಅವರಿಗೆ ಅಚ್ಚುಮೆಚ್ಚು ಜಾರ್ಜಿಯಾದ ನೀನೋ ಸಲುಕ್ವಾಡ್ಜೆ. 1988ರಲ್ಲಿ ಸೋಲ್‌ನಲ್ಲಿ ಚಿನ್ನ ಗೆದ್ದು, ಪ್ಯಾರಿಸ್ಸಿನಲ್ಲಿ ಹತ್ತನೆಯ ಒಲಿಂಪಿಕ್ಸ್ ಆಡಿದಾಕೆ. ನನಗೆ ಹೆಚ್ಚು ಹತ್ತಿರದವರು ಉತ್ತರ ಪ್ರದೇಶದ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್. ಅರವತ್ತು ದಾಟಿದ ಮೇಲೆ, ಮೊಮ್ಮಗಳ ಜೊತೆ ಹೋದ ಅಜ್ಜಿ ಪಿಸ್ತೂಲು ಕಲಿತರು. 2021ರಲ್ಲಿ ಕೋವಿಡ್‌ನಿಂದ ತೀರಿಕೊಳ್ಳುವ ವೇಳೆಗೆ ದೇಶಕ್ಕೆಲ್ಲ ಗೊತ್ತಾಗಿದ್ದರು.

ಇನ್ನು ಕೆಂಪು ಚುಕ್ಕೆಯ ಮಾತು. ಒಂದು ಭಾನುವಾರ ಸುಬೇದಾರರ ಜೊತೆ ಅಭ್ಯಾಸದ ಕೋಣೆಗೆ ಹೋಗಿದ್ದೆ. ಅಲ್ಲಿ ಒಬ್ಬ ತರುಣ ತಮಾಷೆಗೆಂದು ತನ್ನ ಏರ್ ಪಿಸ್ತೂಲಿಗೆ ರೆಡ್ ಡಾಟ್ ಜೋಡಿಸಿದ್ದ. ಹೆಬ್ಬೆರಳುದ್ದದ ಸಾಧನ. ಒಳಗೊಂದು ಪುಟ್ಟ ಕೆಂಪು ದೀಪ, ಎದುರಿಗೆ ಬಾಗಿದ ಗಾಜು. ಗಾಜು ಕೆಂಪು ಬೆಳಕನ್ನು ಸಮಾಂತರ ಕಿರಣಗಳಾಗಿ ಹಿಂದಿರುಗಿಸುವುದರಿಂದ, ಚುಕ್ಕೆ ಗಾಜಿನ ಮೇಲಲ್ಲ, ದೂರದಲ್ಲಿ ಗುರಿಯ ಮೇಲೆಯೇ ಬಿದ್ದಂತೆ ತೋರುತ್ತದೆ. ಮೂರು ವಸ್ತುಗಳ ಜಾಗದಲ್ಲಿ ಎರಡು, ಎರಡೂ ದೂರದವೇ. ಮುದಿ ಮಸೂರ ಓಡಾಡಬೇಕಾಗಿಯೇ ಇಲ್ಲ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ಮಾರಾಟಕ್ಕೆ ತಂದ ಈ ಬಗೆಯ ಸೈಟು ಇಂದು ಅಮೆರಿಕದ 25 ಮತ್ತು 50 ಗಜದ ಪಿಸ್ತೂಲು ಪಂದ್ಯಗಳಲ್ಲಿ ಅನೇಕ ಹಿರಿಯರ ಊರುಗೋಲಾಗಿದೆ. ಊರುಗೋಲಿಗೂ ದೋಷವುಂಟು: ಅಸ್ಟಿಗ್ಮ್ಯಾಟಿಸಂ ಇರುವ ಕಣ್ಣಿಗೆ ಚುಕ್ಕೆ ಬಾಲ ಬಂದ ಧೂಮಕೇತುವಿನಂತೆ ಕಾಣುತ್ತದೆ. ಕೈಯ ನಡುಕವನ್ನಂತೂ ಅದು ಕರುಣೆಯಿಲ್ಲದೆ ತೋರಿಸುತ್ತದೆ.

ಸುಬೇದಾರರು ಹತ್ತು ಗುಂಡು ಹೊಡೆದರು. ಕಾಗದದಲ್ಲಿ ರಂಧ್ರಗಳು ಒಂದರೊಳಗೊಂದು ಸೇರಿ ಒಂದು ಹರಕಾಗಿತ್ತು. ಅವರು ಆ ಕಾಗದವನ್ನು ಬಹಳ ಹೊತ್ತು ನೋಡಿ, ಪಿಸ್ತೂಲನ್ನು ತರುಣನಿಗೆ ಒಪ್ಪಿಸಿ, ತಮ್ಮ ಪೆಟ್ಟಿಗೆ ತೆರೆದರು. ಒಲಿಂಪಿಕ್ ಕ್ರಮದ ಪಿಸ್ತೂಲು ಸ್ಪರ್ಧೆಯಲ್ಲಿ ತೆರೆದ ಸೈಟಿಗೆ ಮಾತ್ರ ಅವಕಾಶ, ಚುಕ್ಕೆಗೆ ಬಾಗಿಲಿಲ್ಲ.

"ಹಿರಿಯರ ವಿಭಾಗಕ್ಕಾದರೂ ಬಿಡಬಹುದಲ್ಲವೇ ಸಾರ್?" ಎಂದೆ.

"ಹಂಗಾದ್ರೆ ನನಗೆ ಗುರಿಯನ್ನೂ ತಟ್ಟೆಯಷ್ಟು ದೊಡ್ಡದು ಮಾಡಿ ಅನ್ನು" ಎಂದರು.

ನಾನು ಇಂದಿಗೂ ಒಪ್ಪಿಲ್ಲ. ಕನ್ನಡಕ ಕಣ್ಣಿಗೆ ಸಹಾಯ, ಚುಕ್ಕೆ ಪಿಸ್ತೂಲಿಗೆ ಸಹಾಯ ಎಂಬುದು ಅವರ ವಾದ. ಎರಡು ಸೈಟುಗಳನ್ನು ಕೂಡಿಸುವುದೇ ಈ ಆಟದ ವಿದ್ಯೆ ಎಂಬುದೂ ಸರಿಯೇ. ಆದರೆ ವಿದ್ಯೆ ಕೈಯಲ್ಲಿದ್ದು ಮಸೂರವೊಂದೇ ಸೋತಿರುವಾಗ, ಅರವತ್ತರವರು ಅರವತ್ತರವರೊಡನೆಯೇ ಸ್ಪರ್ಧಿಸುವಲ್ಲಿ, ಯಾರಿಗೆ ಅನ್ಯಾಯವಾದೀತು? ನಮ್ಮ ತರ್ಕಶಾಸ್ತ್ರದ ಅಧ್ಯಾಪಕರು ಬೇಕಾದರೆ ತೀರ್ಪು ಕೊಡಲಿ.

ಸುಬೇದಾರರು ಕೋಟಿನ ತೋಳು ಸರಿಪಡಿಸಲು ನಮ್ಮ ತಂದೆಯ ಬಳಿಗೂ ಬಂದಿದ್ದರು. ಸೂಜಿಗೆ ದಾರ ಸೇರಿಸಲು ತಂದೆ ಪಡುತ್ತಿದ್ದ ಪಾಡನ್ನು ಎರಡು ನಿಮಿಷ ನೋಡಿ, ತಮ್ಮ ಜೇಬಿನಿಂದ ಆ ಎರಡೂವರೆ ನಂಬರಿನ ಕನ್ನಡಕ ತೆಗೆದು, "ಹಾಕ್ಕೊಳ್ಳಿ ಮೇಸ್ತ್ರಿಗಳೇ, ನಾನೇನು ಬೇರೆ ಅಂಗಡಿಗೆ ಹೋಗೋದಿಲ್ಲ" ಎಂದರಂತೆ. ಮರುವಾರ ತಂದೆಯೇ ನನ್ನನ್ನು ಕರೆದು, ಸೂಜಿ ಹಿಡಿದು ಕುಳಿತು, ದೂರ ಅಳೆಯಿಸಿದರು. 36 ಸೆಂಟಿಮೀಟರ್. ಕಾಜಾ ಕೆಲಸ ಮನೆಗೆ ಹಿಂದಿರುಗಿದೆ. ಹೊಸ ಗಿರಾಕಿ ಮೆಟ್ಟಿಲೇರುವ ಸದ್ದಾದರೆ ಕನ್ನಡಕ ಈಗಲೂ ಗಲ್ಲಾಪೆಟ್ಟಿಗೆಯೊಳಗೆ ಸೇರುತ್ತದೆ.

ಸುಬೇದಾರರ ಅಂಕ 60 ಗುಂಡುಗಳಿಗೆ 541ರಿಂದ 553ಕ್ಕೆ ಏರಿದೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಸ್ಪರ್ಧೆ. ಮುಕ್ಕಾಲು ಸಾಲದು, ಇನ್ನೊಂದು ಕಾಲು ಸೇರಿಸಿದ ಗಾಜು ಬೇಕೆಂದು ಹೇಳಿ ಹೋಗಿದ್ದಾರೆ. ಶನಿವಾರ ಬರುತ್ತಾರೆ, ಗಾಜು ಇನ್ನೂ ಬಂದಿಲ್ಲ.