ನಕಾಶೆಯಲ್ಲಿ ಉಳಿದ ಈದ್ಗಾ

ಹಳೆಯ ನಕಾಶೆ ಕೈಗೆ ಬಂದರೆ ನಾವು ಮೊದಲು ಹುಡುಕುವುದು ನಮ್ಮ ಊರನ್ನೇ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಲೆಕ್ಕದಲ್ಲಿ ಕಲಬುರಗಿ ಸೀಮೆ '56 ಸಿ' ಹಾಳೆಗೆ ಸೇರಿದ್ದು. ಕಳೆದ ಶತಮಾನದ ನಡುಭಾಗದವರೆಗೂ ಇಂಥ ಹಾಳೆಗಳ ಅಳತೆ ಒಂದು ಮೈಲಿಗೆ ಒಂದು ಇಂಚು. ಮೆಟ್ರಿಕ್ ಪದ್ಧತಿ ಬಂದ ಮೇಲೆ ಅದು ಕಿಲೋಮೀಟರಿಗೆ ಎರಡು ಸೆಂಟಿಮೀಟರ್ ಆಯಿತು.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ. ಕೆಂಪು ಬಾಳೆಗೆ ಹೆಸರಾದ ಊರು. ನಕಾಶೆಯಲ್ಲಿ ಗುಡ್ಡಕ್ಕೆ ಕಂದು ಗೆರೆ, ನೀರಿಗೆ ನೀಲಿ, ಕಾಡಿಗೆ ಹಸಿರು. ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಏರು, ದೂರ ದೂರವಿದ್ದರೆ ಬಯಲು. ನಮ್ಮ ಬೆಣ್ಣೆತೊರೆ ಇಂಗ್ಲಿಷ್ ಅಕ್ಷರಗಳಲ್ಲಿ 'ಬೆನ್ನೆತೋರಾ' ಆಗಿ, ಬೆಣ್ಣೆಯನ್ನೂ ತೊರೆಯನ್ನೂ ಕಳೆದುಕೊಂಡಿದೆ.

ಆದರೂ ಸರ್ವೇಯರನ ಕಣ್ಣು ಭೇದ ಮಾಡಲಿಲ್ಲ. ದೇವಸ್ಥಾನ, ಮಸೀದಿ, ಈದ್ಗಾ, ಗೋರಿ, ಬಾವಿ ಎಲ್ಲಕ್ಕೂ ಒಂದೊಂದು ಗುರುತು ಇದೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಅದಕ್ಕೆ ಮುಂಚೆ ರಜಾಕಾರರ ಹಾವಳಿ. ಆಮೇಲೆ ಅಮಾಯಕ ಮುಸ್ಲಿಮರ ಮೇಲೆ ಸೇಡು. ನೆಹರೂ ಸರಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು: ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಹಳ್ಳಿ ಬಿಟ್ಟ ಎಷ್ಟೋ ಮನೆತನಗಳು ಪಟ್ಟಣ ಸೇರಿದವು. ನಮ್ಮದೂ ಅವುಗಳಲ್ಲಿ ಒಂದು. ನಾವು ಬಿಟ್ಟ ಹಳ್ಳಿಯ ಈದ್ಗಾ ಗುರುತು ಕಾಗದದ ಮೇಲೆ ಇದೆ. ಅಲ್ಲಿ ನಮಾಜಿಗೆ ನಿಲ್ಲುವವರಿಲ್ಲ.

ಕಮಲಾಪುರದ ಕಡೆಯ ಆ ಹಳ್ಳಿಯ ಹೊಲವೊಂದರ ಬದುವಿನಲ್ಲಿ ನಮ್ಮ ಮುತ್ತಜ್ಜನ ಗೋರಿ ಇದೆ. ಹೊಲ ಈಗ ಬೇರೆಯವರದು. ಈ ನಕಾಶೆ ಒಡೆತನಕ್ಕೆ ಸಾಕ್ಷಿಯಾಗದು. ಅದರಲ್ಲಿ ಸರ್ವೇ ನಂಬರಿಲ್ಲ, ಅದಕ್ಕೆ ಪಹಣಿಯನ್ನೇ ನೋಡಬೇಕು. ಪಹಣಿಯಲ್ಲಿ ಗೋರಿ ಇಲ್ಲ. ಹಾಗಿದ್ದರೆ ಇಷ್ಟು ವರ್ಷ ಅದನ್ನು ಕಾಯ್ದವರು ಯಾರು? ಹೊಲದ ಯಜಮಾನರನ್ನು ಕೇಳಿದೆವು. "ಹಿರಿಯರು ಮಲಗ್ಯಾರ್ರಿ. ನಮ್ಮಪ್ಪನೂ ಅಲ್ಲಿ ನೇಗಿಲ ಹಾಕಲಿಲ್ಲ, ನಾನೂ ಹಾಕಂಗಿಲ್ಲ" ಎಂದರು ಆ ಲಿಂಗಾಯತ ರೈತ.

ಕಾನೂನು ಕೇಳದ ಅಮಾನತ್ತನ್ನು ಎರಡು ತಲೆಮಾರು ಕಾಯ್ದಿವೆ. ಮೂರನೆಯದು ಕಾಯಬೇಕಾದರೆ ಅದಕ್ಕೆ ಗೊತ್ತಿರಬೇಕಲ್ಲವೇ? ನಿಮ್ಮ ಊರಿನ ಹಿರಿಯರು ಬದುಕಿರುವಾಗಲೇ ಹಳ್ಳ, ಬಾವಿ, ಗೋರಿಗಳ ಹೆಸರು ಕೇಳಿ ಬರೆದಿಡಿ. ಕನ್ನಡದಲ್ಲೇ ಬರೆಯಿರಿ. ಹೊಲ ಉಳುವವರ ಮಕ್ಕಳೂ ಊರು ಬಿಟ್ಟವರ ಮಕ್ಕಳೂ ಓದುವಂತಿರಲಿ.